ಸಂಶಯದ ಪಾಠ

ಸಿಂಧನೂರು
16 ನವೆಂಬರ್ 2024

ಪ್ರೀತಿಯ ಅಕ್ಕನಿಗೆ,

ನಿನ್ನ ಅಮರಿಯ ಶರಣು. ಪತ್ರ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಕಸ್ತೂರೆಮ್ಮ ಚಿಗವ್ವ ಮೊಣಕಾಲು ನೋವೊಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಈ ಕಾಲದಲ್ಲಿ ಅಂಚೆ ಡಬ್ಬಿ ಹುಡುಕಿಕೊಂಡು ಹೋಗುವವರು ಯಾರು ಎಂದು ನಿಮ್ಮ ಮನೆಯವರು, ನಮ್ಮ ಮಾಮಾ, ನಗಬಹುದು. ನಾನು ಫೋನು ಮುಟ್ಟುವುದಿಲ್ಲ ಎಂಬುದು ನಿನಗೆ ಗೊತ್ತು. ಕಾಯಿಲೆ ಜೋರಾಗಿದ್ದಾಗ ಅದರೊಳಗಿಂದ ಕೇಳುತ್ತಿದ್ದ ದನಿಗಳು ಈಗಿಲ್ಲ. ಆದರೂ ಕಿವಿಗೆ ಹಿಡಿದರೆ ಇವತ್ತಿಗೂ ಮೈ ಬೆವರುತ್ತದೆ. ಇದನ್ನು ಇಶ್ತಿಯಾಕ್ ಸರ್‌ಗೆ ಹೇಳಿದಾಗ ಅವರು, "ಫೋನ್ ಬ್ಯಾಡಂದ್ರ ಬಿಡ್ರಿ ಅಮರೇಶ್ವರಿ. ಶನಿವಾರ ಕುಂತು, ವಾರದಾಗ ಏನೇನಾತು ಅಂತ ನೆನಸಿಕೊಂಡು ಯಾರಿಗರೆ ಪತ್ರ ಬರೀರಿ. ಅದೂ ತಲಿಗೆ ವ್ಯಾಯಾಮನ" ಎಂದರು. ಯಾರಿಗಾದರೂ ಎಂದರೆ ನನಗೆ ನೀನೇ.

ಇಶ್ತಿಯಾಕ್ ಸರ್ ಯಾರು ಎಂದು ಹೇಳಲಿಲ್ಲ. ಗಂಗಾವತಿ ರಸ್ತೆಯಲ್ಲಿ ನಮ್ಮಂಥವರಿಗಾಗಿ ಒಂದು ಹಗಲು ಕೇಂದ್ರ ಶುರುವಾಗಿದೆ. ಸ್ಕಿಜೋಫ್ರೇನಿಯಾ ಇದ್ದವರು ಹತ್ತು ಹನ್ನೆರಡು ಮಂದಿ ಬರುತ್ತೇವೆ. ಅಲ್ಲಿ ವ್ಯಾಯಾಮ ಮಾಡಿಸುವವರು, ಪಾಠ ಹೇಳುವವರು ಎರಡೂ ಅವರೇ. ಗುರುವಾರಕ್ಕೊಮ್ಮೆ ರಾಯಚೂರಿನಿಂದ ಡಾಕ್ಟರ್ ಬರುತ್ತಾರೆ. ಬೆಳಿಗ್ಗೆ ನಮ್ಮನ್ನು ಕಾಲುವೆ ದಂಡೆಯ ಮೇಲೆ ಆರ್.ಎಚ್. ಕ್ಯಾಂಪಿನ ಬಂಗಾಲಿಗಳ ಗದ್ದೆಗಳ ಕಡೆಗೆ ಬಿರಬಿರನೆ ನಡೆಸುತ್ತಾರೆ. ಬಂದ ಮೇಲೆ ನಿಂತಲ್ಲೇ ತುಳಿಯುವ ಸೈಕಲ್. ಮೊದಲ ದಿನ ನನಗೆ ಏದುಸಿರು ಬಂದು, ಸೀರೆ ಸಿಕ್ಕಿಹಾಕಿಕೊಂಡು, ಅಳುವೇ ಬಂತು. ತುರ್ವಿಹಾಳದ ಮಾಬುಬೀ ಅಂತ ಒಬ್ಬಾಕೆ ಬರುತ್ತಾಳೆ. "ಅಳಬ್ಯಾಡಬೇ, ಈ ಸೈಕಲ್ ಎಲ್ಲಿಗೂ ಹೋಗಾಂಗಿಲ್ಲ, ಬೀಳಾಂಗಿಲ್ಲ" ಎಂದಳು. ಇಬ್ಬರೂ ನಕ್ಕೆವು.

ಸೈಕಲ್ ಆದ ಮೇಲೆ ತಲೆಯ ಕೆಲಸ. ಚಿತ್ರ ತೋರಿಸಿ ಮುಚ್ಚಿಡುತ್ತಾರೆ, ಜೋಡಿ ಹುಡುಕಬೇಕು. ಸಾಮಾನುಗಳ ಹೆಸರು ಕಿವಿಯಲ್ಲಿ ಹೇಳಿ ಬಜಾರಿಗೆ ಕಳಿಸುತ್ತಾರೆ, ಚೀಟಿ ಇಲ್ಲದೆ ತರಬೇಕು. ಗುಳಿಗೆಯಿಂದ ದನಿಗಳು ನಿಂತವು ನಿಜ, ಆದರೆ ಒಲೆಯ ಮೇಲೆ ಹಾಲಿಟ್ಟದ್ದೂ ನೆನಪಿರುತ್ತಿರಲಿಲ್ಲ. ಈಗ ಮೆಲ್ಲಗೆ ಏನೋ ತಿಳಿಯಾಗುತ್ತಿದೆ.

ಮಗಳು ಅಮೂಲ್ಯಾ ಹೇಗಿದ್ದಾಳೆ? ಆಕೆಯನ್ನು ನೋಡಿ ಎಷ್ಟೋ ವರ್ಷವಾಯಿತು. ಸಂಕ್ರಾಂತಿಗೆ ಲಿಂಗಸುಗೂರಿಗೆ ಬರಲೇ?

ನಿನ್ನ ಅಮರಿ


ಲಿಂಗಸುಗೂರು
9 ಡಿಸೆಂಬರ್ 2024

ಚಿರಂಜೀವಿ ಅಮರಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಅಕ್ಷರ ನೋಡಿ ಕಣ್ಣು ತುಂಬಿ ಬಂತು. ಮಸ್ಕಿಯ ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆಯೇ ದುಂಡಗಿದೆ. ನಿಮ್ಮ ಮಾಮಾ ಓದಿಸಿ ಕೇಳಿದರು, ನಗಲಿಲ್ಲ. ಅಂಗಡಿಯಲ್ಲಿ ಬಟ್ಟೆ ವ್ಯಾಪಾರ ಜೋರಿದೆ, ಬಿಡುವಿಲ್ಲ.

ಸಂಕ್ರಾಂತಿಗೆ ಬರುವುದು ಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಸಾಮಾನೆಲ್ಲ ಅಂಗಳದಲ್ಲಿವೆ. ಆ ವಾಸನೆ ನಿನಗೆ ಆಗುವುದಿಲ್ಲ. ಅಮೂಲ್ಯಾಗೂ ಪರೀಕ್ಷೆ ಇದೆ. ನಿನಗೆ ಈಗ ಮುಖ್ಯವಾದದ್ದು ಕೇಂದ್ರಕ್ಕೆ ತಪ್ಪದೆ ಹೋಗುವುದು, ಗುಳಿಗೆ ತಪ್ಪಿಸದಿರುವುದು. ಚಿಗವ್ವನಿಗೆ ಆಗಾಗ ಫೋನ್ ಮಾಡಿ ನಿನ್ನ ಸುದ್ದಿ ಕೇಳುತ್ತಲೇ ಇದ್ದೇನೆ.

ಶೈಲಜಾ


ಸಿಂಧನೂರು
18 ಜನವರಿ 2025

ಪ್ರೀತಿಯ ಅಕ್ಕನಿಗೆ,

ಈ ಸಲ ಹೇಳುವುದು ಬಹಳ ಇದೆ. ಇಶ್ತಿಯಾಕ್ ಸರ್ ಹೊಸ ಪಾಠ ಶುರು ಮಾಡಿದ್ದಾರೆ. ನಾವೆಲ್ಲ ಅದಕ್ಕೆ ಸಂಶಯದ ಪಾಠ ಎನ್ನುತ್ತೇವೆ. ಮನಸ್ಸಿಗೆ ಸಂಶಯ ಬಂದಾಗ ಅದನ್ನು ಬೈದು ಓಡಿಸಬಾರದಂತೆ, ಎದುರಿಗೆ ಕೂರಿಸಿ ಕೇಳಬೇಕಂತೆ. ನಾನು ಕಣ್ಣಾರೆ ಏನು ನೋಡಿದೆ? ಅದಕ್ಕೆ ಬೇರೆ ಕಾರಣ ಇರಬಹುದೇ? ಆಮೇಲೆ, ನಾನು ಪೂರ್ತಿ ನಂಬುವ ಒಬ್ಬರನ್ನು ಕೇಳಿದೆನೇ?

ಪ್ರತಿಯೊಬ್ಬರೂ ತಮ್ಮ ಹಳೆಯ ಸಂಶಯ ಒಂದನ್ನು ಹೇಳಬೇಕಿತ್ತು. ನಾನು ಹೇಳಿದ್ದು ನಿನ್ನ ಮನೆಯ ಸಂಗತಿ. ಆ ದಿನ ನಿಮ್ಮ ಅತ್ತೆ, ನಾದಿನಿಯರ ಮುಂದೆ ನಾನು ತಾಟು ಎತ್ತಿ ಒಗೆದು, "ನಮ್ಮಕ್ಕ ನನಗ ವಿಷ ಹಾಕ್ಯಾಳ" ಎಂದು ಬೀದಿಯಲ್ಲಿ ನಿಂತು ಕೂಗಿದ್ದೆ. ಅನ್ನದ ಅಗುಳು ನಿನ್ನ ಕೂದಲಲ್ಲಿ ಸಿಕ್ಕಿಕೊಂಡಿದ್ದು ನನಗೆ ಈಗಲೂ ಕಾಣುತ್ತದೆ. ಸರ್ ಕೇಳಿದರು, "ಆಕಿ ಹಾಕೂದನ್ನ ನೀವು ನೋಡಿದ್ರೇನು?" ಇಲ್ಲ. "ಬ್ಯಾರೆ ಕಾರಣ?" ಕಾಯಿಲೆ. "ಈಗ ಅಕ್ಕ ಅನ್ನ ಕೊಟ್ರ ಉಣ್ಣತೀರೇನು?" ನಾನು ಹೇಳಿದೆ, "ಕಣ್ಣು ಮುಚ್ಚಿ ಉಣ್ತೀನ್ರಿ."

ಮೂರನೇ ಪ್ರಶ್ನೆಗೆ ಒಂದು ಹೆಸರು ಇಟ್ಟುಕೊಳ್ಳಬೇಕು ಎಂದರು. ಸಂಶಯ ಬಂದಾಗ ಕೇಳಲು ಒಬ್ಬರು. ನಾನು ನಿನ್ನ ಹೆಸರು ಹೇಳಿದ್ದೇನೆ.

ಇನ್ನೊಂದು ಸುದ್ದಿ. ಬಸ್ಸಿನಲ್ಲಿ ಮಸ್ಕಿಯವರೆಗೆ ಹೋಗಿ ಬಂದೆ. ಮಾಬುಬೀ ಜೊತೆಗಿದ್ದಳು, ಆದರೆ ಟಿಕೆಟ್ ತೆಗೆಸಿದ್ದು, ಇಳಿಯುವ ಜಾಗ ಹೇಳಿದ್ದು ನಾನೇ. ಬೆಟ್ಟ ಹತ್ತಿ ಮಲ್ಲಯ್ಯನಿಗೆ ಕಾಯಿ ಒಡೆಸಿದೆವು. ಮೊದಲು ಎರಡು ಮೆಟ್ಟಿಲಿಗೆ ಕೂರುತ್ತಿದ್ದವಳು ನಾನು!

ಅಮೂಲ್ಯಾಗೆ ಮುದಗಲ್ಲಿನ ಕಡೆಯಿಂದ ಸಂಬಂಧ ಬಂದಿದೆ ಎಂದು ಚಿಗವ್ವನ ಬಾಯಿಂದ ತಿಳಿಯಿತು. ನೀನು ಬರೆಯಲೇ ಇಲ್ಲ.

ನಿನ್ನ ಅಮರಿ


ಲಿಂಗಸುಗೂರು
30 ಜನವರಿ 2025

ಅಮರಿಗೆ ಆಶೀರ್ವಾದ.

ಇನ್ನೂ ಏನೂ ಗಟ್ಟಿಯಾಗಿಲ್ಲ, ಅದಕ್ಕೇ ಬರೆಯಲಿಲ್ಲ. ಆದರೆ ಮೊದಲು ತಿಳಿಸುವುದು ನಿನಗೇ. ನೀನು ಬಸ್ಸಿನಲ್ಲಿ ಓಡಾಡಿದ್ದು ಕೇಳಿ ಸಂತೋಷ. ಆದರೂ ಒಬ್ಬಳೇ ಎಲ್ಲಿಗೂ ಹೋಗಬೇಡ. ಹಳೆಯದನ್ನೆಲ್ಲ ನಾಲ್ಕು ಜನರ ಮುಂದೆ ಹೇಳುವುದು ಬೇಕಿತ್ತೇ?

ಶೈಲಜಾ


ಸಿಂಧನೂರು
22 ಫೆಬ್ರವರಿ 2025

ಅಕ್ಕಾ,

ಹೋದ ಭಾನುವಾರ ನಾನು ಹಾಗೆ ಹೇಳದೆ ಕೇಳದೆ ಬಂದದ್ದು ತಪ್ಪು. ಒಪ್ಪುತ್ತೇನೆ. ನಿನಗೆ ಸಂತೋಷವಾಗಲಿ ಎಂದು ಬಂದೆ. ಸಿಂಧನೂರಿನಲ್ಲಿ ಒಬ್ಬಳೇ ಬಸ್ಸು ಹತ್ತಿ, ಮಸ್ಕಿ ದಾಟಿ, ಲಿಂಗಸುಗೂರಿನ ಸ್ಟ್ಯಾಂಡಿನಲ್ಲಿ ಇಳಿದು, ಯಾರನ್ನೂ ಕೇಳದೆ ನಿನ್ನ ಓಣಿಗೆ ತಿರುಗಿದಾಗ ಎದೆ ಹಿಗ್ಗಿತ್ತು. ಬಾಗಿಲಲ್ಲಿ ಶಾಮಿಯಾನ ಕಂಡಿತು. ಬಣ್ಣ ಹೊಡೆಸಿದ್ದಕ್ಕೆ ಪೂಜೆ ಇರಬೇಕು ಎಂದುಕೊಂಡೆ ನೋಡು.

ಒಳಗೆ ಜಮಖಾನೆಯ ಮೇಲೆ ಮುದಗಲ್ಲಿನವರು ನಿಶ್ಚಯಕ್ಕೆ ಬಂದು ಕುಳಿತಿದ್ದರು. ಅಮೂಲ್ಯಾಳ ಮುಡಿಯಲ್ಲಿ ಮಲ್ಲಿಗೆ ದಂಡೆ. ಹುಡುಗನ ತಾಯಿ ನನ್ನನ್ನು ನೋಡಿ, "ಯಾರ್ರಿ ಇವರು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹೇಳಿದೆ. "ಅಡಿಗಿ ಕೆಲಸಕ್ಕ ಬರಾಕ ಹೇಳಿದ್ದೆರಿ, ಮಸ್ಕಿಯಾಕಿ. ಇಷ್ಟೊತ್ತನಕ ಎಲ್ಲಿ ಹಾಳಾಗಿದ್ದೆಬೇ? ಒಳಗ ಹೋಗು."

ನಾನು ಒಳಗೆ ಹೋದೆ.

ಸೆರಗು ಸಿಕ್ಕಿಸಿ ಹೋಳಿಗೆ ಬೇಯಿಸಿದೆ, ಪಂಕ್ತಿಗೆ ಬಡಿಸಿದೆ. ಹುಡುಗನ ತಂದೆಗೆ ಸಿಹಿ ಬೇಡ, ದೊಡ್ಡಪ್ಪನಿಗೆ ಉಪ್ಪು ಕಡಿಮೆ, ಬಾಗಿಲ ಬಳಿ ಕುಳಿತ ಮುದುಕಿಗೆ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕು. ಯಾರದ್ದೂ ತಪ್ಪಲಿಲ್ಲ. "ಈ ಹೆಣ್ಮಗಳಿಗೆ ಚಲೋ ನೆನಪೈತ್ರಿ, ಲಗ್ನಕ್ಕೂ ಇವರನ್ನ ಕರೀರಿ" ಎಂದರು ಹುಡುಗನ ತಾಯಿ. ನೀನು ನಕ್ಕೆ. ಅಮೂಲ್ಯಾಳ ಎಲೆಗೆ ತುಪ್ಪ ಹಾಕುವಾಗ ಬಾಗಿ ನಿಂತೆ. ಹಾಲು ಹಲ್ಲು ಬಿದ್ದಾಗ ನನ್ನ ತೊಡೆಯ ಮೇಲೆ ಮಲಗಿ ಅತ್ತ ಹುಡುಗಿ ತಲೆ ಎತ್ತದೆ, "ಸಾಕ್ರಿ" ಎಂದಳು. ಸಣ್ಣವ್ವ ಎಂದು ಕರೆಯದಿದ್ದರೆ ಬೇಡ, ಸುಮ್ಮನಾದರೂ ಇರಬಹುದಿತ್ತು. ಸಾಕ್ರಿ ಎಂದಳು.

ಹಿತ್ತಲ ಬಾಗಿಲಿಂದ ಹೊರಟು ಬಂದೆ. ಬಸ್ಸಿನಲ್ಲಿ ನೂರು ಸಲ ಕೇಳಿಕೊಂಡೆ, ಇದಕ್ಕೆ ಬೇರೆ ಕಾರಣ ಇರಬಹುದೇ ಎಂದು. ನೀನೇ ಹೇಳು.

ಅಮರಿ


ಲಿಂಗಸುಗೂರು
3 ಮಾರ್ಚ್ 2025

ಅಮರಿ,

ನಿನ್ನ ಪತ್ರ ಓದಿ ಎರಡು ದಿನ ಅನ್ನ ಇಳಿಯಲಿಲ್ಲ. ಅಷ್ಟು ಜನರ ನಡುವೆ ನೀನು ಬಂದು ನಿಂತಾಗ ನನಗೆ ಬುದ್ಧಿಯೇ ಓಡಲಿಲ್ಲ, ಬಾಯಿಗೆ ಬಂದದ್ದು ಆಡಿಬಿಟ್ಟೆ. ಮುದಗಲ್ಲಿನವರು ಒಳ್ಳೆಯ ಮಂದಿ, ಆದರೆ ಮನೆತನದಲ್ಲಿ ತಲೆಯ ಕಾಯಿಲೆ ಇದೆಯೇ ಎಂದು ಬಾಯಿಬಿಟ್ಟು ಕೇಳಿದ್ದರು. ಇಲ್ಲ ಎಂದಿದ್ದೆವು. ನನಗೆ ಒಡಹುಟ್ಟಿದವರೇ ಇಲ್ಲ ಎಂದೂ ಹೇಳಿಯಾಗಿತ್ತು. ಅಮೂಲ್ಯಾಳನ್ನು ದೂರಬೇಡ. ನಿನ್ನನ್ನು ಗುರುತಿಸಿದಂತೆ ತೋರಿಸಬೇಡ ಎಂದು ಕಣ್ಣಲ್ಲೇ ಹೇಳಿದ್ದು ನಾನು. ಆಮೇಲೆ ಕೋಣೆಯಲ್ಲಿ ಕುಳಿತು ಬಹಳ ಅತ್ತಳು.

ಅಕ್ಷಯ ತದಿಗೆಗೆ ಮದುವೆ, ಇಲ್ಲೇ ಲಿಂಗಸುಗೂರಿನಲ್ಲಿ. ನೀನು ಬಾ. ಅಕ್ಕಿಕಾಳು ಬೀಳುವಾಗ ನನ್ನ ಪಕ್ಕದಲ್ಲೇ ನಿಲ್ಲು. ನನ್ನ ತಂಗಿ ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಆಣೆ. ಇದರ ಜೊತೆ ಇಳಕಲ್ ಸೀರೆ ಕಳಿಸಿದ್ದೇನೆ, ದಾಳಿಂಬೆ ಬಣ್ಣದ್ದು. ನಿನಗೆ ಒಪ್ಪುತ್ತದೆ.

ನಿನ್ನ ಅಕ್ಕ ಶೈಲಜಾ


ಸಿಂಧನೂರು
15 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ,

ಸೀರೆ ಬಂತು. ಕೇಂದ್ರಕ್ಕೆ ಒಯ್ದು ಎಲ್ಲರಿಗೂ ತೋರಿಸಿದೆ. ಮಾಬುಬೀ ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡು ನೋಡಿದಳು. ನಾನು ಹೋಳಿಗೆ ಬಡಿಸಿದ ಸಂಗತಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಬರೆದದ್ದು ಸಾಕು. ಅಂಜಿಕೆಯಲ್ಲಿ ಮನುಷ್ಯರು ಏನೇನೋ ಆಡುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ನಿನಗೊಂದು ತಮಾಷೆ ಹೇಳಲೇ. ನಿನ್ನ ಫೋನ್ ಬಂದರೆ ಚಿಗವ್ವ ಇತ್ತೀಚೆಗೆ ಹಿತ್ತಲಿಗೆ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಾಳೆ. ನಾನು ಹೋದರೆ ನಿಲ್ಲಿಸುತ್ತಾಳೆ. ಮೊದಲಾಗಿದ್ದರೆ ಇಷ್ಟಕ್ಕೇ ನಾನು ಊಟ ಬಿಡುತ್ತಿದ್ದೆ. ಈಗ ಪಾಠದ ಪ್ರಕಾರ ಕೇಳಿಕೊಂಡೆ. ಬೇರೆ ಕಾರಣ? ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮುಗಿಯಿತು. ಇಶ್ತಿಯಾಕ್ ಸರ್ ಇದನ್ನು ಕೇಳಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಅಮೂಲ್ಯಾಗೆ ಹೇಳು, ನನಗೆ ಸಿಟ್ಟಿಲ್ಲ. ಸಣ್ಣವ್ವ ಬರುತ್ತಾಳೆ.

ನಿನ್ನ ಅಮರಿ


ಸಿಂಧನೂರು
10 ಮೇ 2025

ಅಕ್ಕಾ,

ಇದನ್ನು ಬರೆಯಲು ಕೈ ಬರುತ್ತಿಲ್ಲ. ನನಗೆ ಮತ್ತೆ ಶುರುವಾಗಿದೆ.

ಮದುವೆಯ ದಿನ ಬೆಳಕು ಹರಿಯುವ ಮೊದಲೇ ಮಿಂದು ಸೀರೆ ಉಟ್ಟು ಕುಳಿತಿದ್ದೆ. ಚಿಗವ್ವ ಚಹಾ ಕೊಟ್ಟಳು. ಕಹಿ ಇತ್ತು. "ಶುಂಠಿ ಜಾಸ್ತಿ ಆತು, ಕುಡಿ" ಎಂದಳು. ಶುಂಠಿ ಕಹಿಯಾಗುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಕೂಡಲೇ ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಲೋಟ ಬರಿದು ಮಾಡಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು ಅಕ್ಕಾ. ಆಮೇಲೆ ಕಣ್ಣು ಬಿಟ್ಟಾಗ ಸೂರ್ಯ ಮುಳುಗುತ್ತಿದ್ದ. ಸೀರೆ ಮುದ್ದೆಯಾಗಿತ್ತು, ನಾಲಗೆ ದಪ್ಪಗಾಗಿತ್ತು, ತುಟಿಯಂಚಿನಲ್ಲಿ ಜೊಲ್ಲು ಒಣಗಿತ್ತು. ಚಿಗವ್ವ ನನ್ನ ಕಾಲ ಬಳಿ ಕುಳಿತಿದ್ದಳು. "ಜ್ವರ ಬಂದಿತ್ತು ನಿನಗ, ಎಬ್ಬಿಸಿದ್ರ ಏಳಲಿಲ್ಲ" ಎಂದಳು.

ಜ್ವರ ಬಂದ ನೆನಪು ನನಗಿಲ್ಲ. ಹಿಂದೆ ಗುಳಿಗೆ ಶುರು ಮಾಡಿದ ಹೊಸದರಲ್ಲಿ ಹೀಗೆಯೇ ಆಗುತ್ತಿತ್ತು. ಯಾರೋ ಚಹಾದಲ್ಲಿ ಏನೋ ಹಾಕಿದ್ದಾರೆ ಎಂಬ ಅದೇ ಹಳೆಯ ಯೋಚನೆ ಬಂತು. ಎಷ್ಟು ಕಾಲದ ಮೇಲೆ! ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಹಾಕುವುದನ್ನು ನೋಡಿದೆನೇ? ಇಲ್ಲ. ಬೇರೆ ಕಾರಣ? ಜ್ವರ. ಚಿಗವ್ವನನ್ನು ನೇರ ಕೇಳಿದೆ, ಆಕೆ ತಲೆ ಅಲ್ಲಾಡಿಸಿ ಎದ್ದು ಹೋದಳು. ಆದರೂ ಯೋಚನೆ ಹೋಗಲಿಲ್ಲ. ಪಾಠಕ್ಕೂ ಬಗ್ಗದ ಸಂಶಯ ಎಂದರೆ ಕಾಯಿಲೆಯೇ ಅಲ್ಲವೇ? ನಾನೇ ಇಶ್ತಿಯಾಕ್ ಸರ್ ಹತ್ತಿರ ಹೋಗಿ, "ಸರ್, ನನಗ ಹೊಳ್ಳಿ ಬಂದೈತ್ರಿ" ಎಂದೆ. ಅವರ ಮುಖ ಸಣ್ಣಗಾಯಿತು. ಗುರುವಾರ ಡಾಕ್ಟರ್ ಎಲ್ಲ ಕೇಳಿ, 'ಮನೆಯವರ ಮೇಲೆ ಸಂಶಯ ಮರಳಿದೆ' ಎಂದು ಫೈಲಿನಲ್ಲಿ ಬರೆದು ಗುಳಿಗೆ ಹೆಚ್ಚಿಸಿದರು.

ಮೂರನೇ ಪ್ರಶ್ನೆ ಒಂದು ಉಳಿದಿದೆ. ಅದು ನಿನಗೆ. ಅಕ್ಕಾ, ಆ ದಿನ ನನ್ನ ಚಹಾದಲ್ಲಿ ಏನಾದರೂ ಇತ್ತೇ? ನಾನು ಕೇಳುತ್ತಿರುವುದು ಹುಚ್ಚು ಮಾತು ಎಂದು ಗೊತ್ತು. ಇಲ್ಲ ಎಂದು ಒಂದು ಸಾಲು ಬರೆ, ಸಾಕು. ನೀನು ಬರೆದರೆ ನಾನು ನಂಬುತ್ತೇನೆ.

ಮದುವೆಗೆ ಬರಲಾಗದ್ದಕ್ಕೆ ಕ್ಷಮಿಸು. ಪಕ್ಕದ ಜಾಗ ಖಾಲಿ ಬಿಟ್ಟುಕೊಂಡು ಎಷ್ಟು ದಾರಿ ನೋಡಿದೆಯೋ.

ಅಮರಿ


ಲಿಂಗಸುಗೂರು
19 ಮೇ 2025

ಅಮರಿಗೆ ಆಶೀರ್ವಾದ.

ಇಲ್ಲ. ಚಹಾದಲ್ಲಿ ಏನೂ ಇರಲಿಲ್ಲ. ಯಾರು ಯಾಕೆ ಹಾಕುತ್ತಾರೆ? ಇದು ನಿನ್ನ ಕಾಯಿಲೆ, ನೀನಲ್ಲ. ಹಿಂದೆಯೂ ಹೀಗೇ ಆಗಿತ್ತಲ್ಲವೇ, ನೆನಪು ಮಾಡಿಕೋ. ಡಾಕ್ಟರ್ ಹೇಳಿದಷ್ಟು ಗುಳಿಗೆ ತೆಗೆದುಕೋ, ಹಟ ಮಾಡಬೇಡ. ಸ್ವಲ್ಪ ದಿನ ಬಸ್ಸು, ಓಡಾಟ ಎಲ್ಲ ನಿಲ್ಲಿಸಿ ಮನೆಯಲ್ಲೇ ಇರು.

ಮದುವೆ ಚೆನ್ನಾಗಿ ಆಯಿತು. ನಿನ್ನನ್ನು ಬಹಳ ನೆನೆದೆವು.

ಶೈಲಜಾ


ಸಿಂಧನೂರು
14 ಜೂನ್ 2025

ಅಕ್ಕಾ

ನಿನ್ನ ಸಾಲು ಓದಿದೆ. ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಸಂಶಯ ಬಂದಾಗ ತೆಗೆದು ಓದುತ್ತೇನೆ.

ಕೈ ನಡುಗುತ್ತದೆ, ಅಕ್ಷರ ನೋಡಿ ನಗಬೇಡ. ಸೈಕಲ್ ಹತ್ತಿದರೆ ನಿದ್ದೆ ಬರುತ್ತದೆ. ದಂಡೆಯ ಮೇಲೆ ಎಲ್ಲರೂ ಮುಂದೆ ಹೋಗುತ್ತಾರೆ, ಮಾಬುಬೀ ನನಗಾಗಿ ನಿಲ್ಲುತ್ತಾಳೆ. ಬಜಾರಿಗೆ ಉಪ್ಪು ತರಲು ಕಳಿಸಿದರು, ಅಂಗಡಿಯ ಮುಂದೆ ನಿಂತು ಯಾಕೆ ಬಂದೆ ಎಂದು ಮರೆತೆ. ಅಂಗಡಿಯವನು ಎರಡು ಸಲ ಕೇಳಿ ಬೇರೆಯವರ ಕಡೆ ತಿರುಗಿದ. ಬರಿಗೈಲಿ ವಾಪಸ್ ಬಂದೆ.

ಇನ್ನೇನೋ ಬರೆಯಬೇಕು ಅಂದುಕೊಂಡಿದ್ದೆ. ನೆನಪಾಗಲೊಲ್ಲದು.

ಅಮರಿ


ಸಿಂಧನೂರು
5 ಜುಲೈ 2025

ಅಕ್ಕಾ,

ಮಂಗಳವಾರ ನಾನು ಊಟಕ್ಕೆ ಕುಳಿತಿದ್ದೆ. ತುತ್ತು ಬಾಯಿಗೆ ಸರಿಯಾಗಿ ಹೋಗದೆ ಎದೆಯ ಮೇಲೆಲ್ಲ ಚೆಲ್ಲಿತು. ಚಿಗವ್ವ ನೀರಿನ ತಂಬಿಗೆ ತಂದವಳು ಅದನ್ನು ಕೆಳಗಿಟ್ಟು ನನ್ನ ಎದುರಿಗೆ ಕುಳಿತಳು. ಹಣೆ ಬಡಿದುಕೊಂಡು ಅತ್ತಳು. "ನಿನಗ ಹುಚ್ಚು ಹೊಳ್ಳಿ ಬಂದಿಲ್ಲ ನನ್ನವ್ವಾ. ನನ್ನ ಕೈಲೇ ಹಾಕೀನಿ. ನಿನ್ನ ರಾತ್ರಿ ಗುಳಿಗಿ ಜಜ್ಜಿ ಚಹಾದಾಗ ಹಾಕೀನಿ. ಶೈಲಾ ಫೋನ್ ಮಾಡಿ ಅತ್ತಳು, ಒಂದ ದಿನ ಮಲಗಿಸಿಬಿಡು, ಹುಡುಗಿ ಬಾಳೇವು ಉಳಿಸು ಅಂದಳು. ನಾ ಮಾಡಿದೆ."

ನಾನು ಅಳಲಿಲ್ಲ. ಮೊದಲು ನನಗೆ ಆದದ್ದು ಸಮಾಧಾನ. ನನ್ನ ತಲೆ ಸರಿ ಇತ್ತು. ಕಹಿಯನ್ನು ಅದು ಕಹಿ ಎಂದೇ ಹೇಳಿತ್ತು. ಸುಳ್ಳು ಹೇಳಿದ್ದು ನನ್ನ ಮನಸ್ಸಲ್ಲ. ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ, ನಿನ್ನ ಮೇ ತಿಂಗಳ ಪತ್ರ ನೆನಪಾಯಿತು.

ಗುಳಿಗೆ ಹಾಕಿಸಿದ್ದಷ್ಟೇ ಆಗಿದ್ದರೆ ಅದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಮಗಳ ಮದುವೆ, ತಾಯಿಯ ಅಂಜಿಕೆ. ಬಾಗಿಲಲ್ಲಿ ಆಳು ಎಂದದ್ದನ್ನು ನುಂಗಿದ ಹಾಗೆಯೇ ಇದನ್ನೂ. ಆದರೆ ಅಕ್ಕಾ, ಆಮೇಲೆ ನಾನು ನಿನ್ನನ್ನು ಕೇಳಿದೆ. ಬೇರೆ ಯಾರನ್ನೂ ಅಲ್ಲ. ಹೇಗೆ ಕೇಳಿದೆ ಎಂದು ನಿನಗೆ ನೆನಪಿದೆ. ನೀನು ಮೇಜಿನ ಮುಂದೆ ಕುಳಿತು, ಪೆನ್ನು ಹಿಡಿದು, ಇಲ್ಲ ಎಂದು ಬರೆದೆ. ಇದು ನಿನ್ನ ಕಾಯಿಲೆ ಎಂದು ಬರೆದೆ. ಹಳೆಯದನ್ನು ನೆನಪು ಮಾಡಿಕೋ ಎಂದೂ ಬರೆದೆ. ಆ ಸಾಲನ್ನು ಓದುತ್ತ ಓದುತ್ತ ನಾನು ಹೆಚ್ಚಿನ ಗುಳಿಗೆ ನುಂಗಿದೆ. ನನ್ನ ಕೈ ನಡುಗುತ್ತಿದೆ ಎಂದು ತಿಳಿಸಿದ ಮೇಲೂ ನೀನು ಸುಮ್ಮನಿದ್ದೆ.

ಬೀದಿಯಲ್ಲಿ ನಿಂತು ನಮ್ಮಕ್ಕ ವಿಷ ಹಾಕ್ಯಾಳ ಎಂದು ಕೂಗಿದ್ದಕ್ಕೆ ನಾನು ಹದಿನಾಲ್ಕು ವರ್ಷ ನಾಚಿದ್ದೇನೆ. ಆ ನಾಚಿಕೆಯನ್ನು ಈಗ ಏನು ಮಾಡಲಿ?

ನಾನು ಕೇಳುವುದು ಒಂದೇ. ಗುರುವಾರ ಸಿಂಧನೂರಿಗೆ ಬಾ. ಡಾಕ್ಟರ ಮುಂದೆ ಕುಳಿತು ನಡೆದದ್ದನ್ನು ಹೇಳು. ಫೈಲಿನಲ್ಲಿ ಸಂಶಯ ಮರಳಿದೆ ಎಂದು ಬರೆದಿದೆ. ಅದು ಇರುವ ತನಕ ನಾನು ಏನು ಹೇಳಿದರೂ ಅದು ಕಾಯಿಲೆಯ ಮಾತಾಗುತ್ತದೆ. ಚಹಾದಲ್ಲಿ ಗುಳಿಗೆ ಹಾಕಿದ್ದರು ಎಂದು ನಾನು ಹೇಳಿದರೆ ಯಾರು ನಂಬುತ್ತಾರೆ? ನೀನು ಹೇಳಿದರೆ ನಂಬುತ್ತಾರೆ. ಹಾಳಾದದ್ದನ್ನು ಇಷ್ಟರ ಮಟ್ಟಿಗಾದರೂ ಸರಿ ಮಾಡು.

ಅಮರೇಶ್ವರಿ


ಲಿಂಗಸುಗೂರು
14 ಜುಲೈ 2025

ಅಮರಿ,

ಚಿಗವ್ವ ಎಲ್ಲ ಹೇಳಿದಳಂತೆ. ನನ್ನನ್ನು ಬೈ, ಹೊಡೆ, ಏನಾದರೂ ಮಾಡು. ತಾಯಿಯಾಗಿದ್ದರೆ ನಿನಗೆ ಅರ್ಥವಾಗುತ್ತಿತ್ತು. ಒಂದೇ ದಿನದ ಮಾತು ಎಂದುಕೊಂಡಿದ್ದೆ. ನೀನು ನೇರ ಡಾಕ್ಟರ ಹತ್ತಿರ ಹೋಗುತ್ತೀಯ ಎಂದು ಯಾರಿಗೆ ಗೊತ್ತಿತ್ತು? ನಿನ್ನ ಪತ್ರ ಬಂದಾಗ ಅಮೂಲ್ಯಾ ಗಂಡನ ಮನೆಗೆ ಹೋಗಿ ವಾರವೂ ಕಳೆದಿರಲಿಲ್ಲ. ನಿಜ ಬರೆದು ಆ ಕಾಗದ ಯಾರ ಕೈಗಾದರೂ ಸಿಕ್ಕಿದ್ದರೆ?

ನಾನು ಬರಲಾರೆ. ಆಸ್ಪತ್ರೆ, ಡಾಕ್ಟರ್, ಫೈಲು ಎಂದರೆ ನಾಲ್ಕು ಜನರ ಬಾಯಿಗೆ ಬಿದ್ದಂತೆ. ಅಮೂಲ್ಯಾಗೆ ಈಗ ನಿಂತಿದೆ, ಎರಡು ತಿಂಗಳು. ಮುದಗಲ್ಲಿಗೆ ಸುದ್ದಿ ಮುಟ್ಟಿದರೆ ಹುಟ್ಟುವ ಕೂಸಿನ ಮೇಲೂ ಮಾತು ಬರುತ್ತದೆ. ನೀನು ಆ ಕೂಸಿನ ಮುಖ ನೋಡಿಯಾದರೂ ಸುಮ್ಮನಿರು. ಗುಳಿಗೆಯನ್ನು ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ.

ನಿನ್ನ ಅಕ್ಕ


ಸಿಂಧನೂರು
2 ಆಗಸ್ಟ್ 2025

ಶೈಲಜಕ್ಕನಿಗೆ,

ನೀನು ಬರಲಿಲ್ಲ. ಚಿಗವ್ವ ಬಂದಳು. ಮೊಣಕಾಲು ಹಿಡಿದುಕೊಂಡು ಕೇಂದ್ರದ ಮೆಟ್ಟಿಲು ಹತ್ತಿ, ಡಾಕ್ಟರ ಮುಂದೆ ಕುರ್ಚಿ ಇದ್ದರೂ ಕೂರದೆ ನಿಂತೇ ಹೇಳಿದಳು. "ಹುಚ್ಚು ಆಕಿಗಲ್ಲರಿ ಸಾಹೇಬ್ರ. ಗುಳಿಗಿ ನಾ ಹಾಕೀನಿ." ಅವರು ಎಷ್ಟು ಹಾಕಿದೆ ಎಂದು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಸಿರು ನಿಲ್ಲುವ ಸಾಧ್ಯತೆಯೂ ಇತ್ತು ಎಂದರು. ಚಿಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಶ್ತಿಯಾಕ್ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿ, "ನಾನೂ ನಿಮ್ಮ ಮಾತು ನಂಬಲಿಲ್ಲಲ್ರಿ ಅಮರೇಶ್ವರಿ" ಎಂದರು. ನಾನು ಹೇಳಿದೆ, "ನಾನ ನಂಬಿರಲಿಲ್ರಿ ಸರ್."

ಡಾಕ್ಟರ್ ಫೈಲು ತೆರೆದು ಆ ಸಾಲಿನ ಮೇಲೆ ಪೆನ್ನಿಟ್ಟು ನನ್ನನ್ನು ಕೇಳಿದರು, "ಬರೀಬೇಕಾಗ್ತದ, ಅದಕ್ಕ ಕೇಳ್ತೀನಿ. ಈಗ ನಿಮ್ಮ ಅಕ್ಕನ ಮೇಲೆ ಸಂಶಯ ಇದೆಯೇನ್ರಿ?"

"ಸಂಶಯ ಇಲ್ರಿ," ಎಂದೆ. "ಗೊತ್ತೈತಿ."

ಅವರು ಸಾಲು ಹೊಡೆದು ಹಾಕಿದರು. ಗುಳಿಗೆ ಇಳಿಸುತ್ತಿದ್ದಾರೆ. ದಂಡೆಯ ಮೇಲೆ ನಿನ್ನೆ ಮಾಬುಬೀ ನನಗಾಗಿ ನಿಲ್ಲಬೇಕಾಗಲಿಲ್ಲ. ಗುಳಿಗೆ ಡಬ್ಬಿ ಈಗ ನನ್ನ ಹತ್ತಿರವೇ ಇರುತ್ತದೆ. ಚಿಗವ್ವ ಚಹಾ ಕೊಟ್ಟರೆ ಕುಡಿಯುತ್ತೇನೆ, ಆಕೆ ಮೊದಲು ಒಂದು ಗುಟುಕು ತಾನು ಕುಡಿದು ಕೊಡುತ್ತಾಳೆ. ನಾನು ಹೇಳಿದ್ದಲ್ಲ, ಆಕೆಯೇ ಶುರು ಮಾಡಿದ್ದು. ನೋಡಲು ಸಂಕಟವಾಗುತ್ತದೆ.

ನಾನು ಮುದಗಲ್ಲಿಗೆ ಹೋಗಿ ರಂಪ ಮಾಡುತ್ತೇನೆಂದು ನೀನು ಅಂಜುವುದು ಬೇಡ. ಆದರೆ ಇನ್ನು ಮೇಲೆ ಶನಿವಾರದ ಪತ್ರ ನಿನಗೆ ಬರುವುದಿಲ್ಲ. ಅಮೂಲ್ಯಾಗೆ ಬರೆಯುತ್ತೇನೆ, ಗಂಡನ ಮನೆಯ ವಿಳಾಸಕ್ಕೆ. ಚಿಗವ್ವನ ಹತ್ತಿರ ತೆಗೆದುಕೊಂಡಿದ್ದೇನೆ. ನಿನ್ನ ಸಂಗತಿ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಬಸಿರಿ ಹುಡುಗಿಗೆ ಬರೆಯುವಂಥದ್ದನ್ನೇ ಬರೆಯುತ್ತೇನೆ, ಏನು ಉಣ್ಣಬೇಕು, ಹೇಗೆ ಮಲಗಬೇಕು ಎಂದು. ಕವರಿನ ಹಿಂದೆ ನನ್ನ ಹೆಸರು, ಊರು ಇರುತ್ತದೆ. ಅದನ್ನು ನೋಡಿ ಆಕೆಯ ಅತ್ತೆ ಯಾರಿವರು ಎಂದು ಕೇಳಬಹುದು. ಆಗ ಏನು ಹೇಳಬೇಕು ಎಂಬುದು ಅಮೂಲ್ಯಾಗೆ ಬಿಟ್ಟದ್ದು.

ಮೊದಲನೆಯ ಪತ್ರವನ್ನು ಇದರ ಜೊತೆಗೇ ಡಬ್ಬಿಗೆ ಹಾಕುತ್ತಿದ್ದೇನೆ.

ಅಮರೇಶ್ವರಿ